ನಿಲ್ಲಿಸಿದ್ದೆ, ಅಳಿಸಿರಲಿಲ್ಲ

ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿ ನಡೆಯುವ, ನಾನು ನೋಡಿಕೊಳ್ಳುವ ಜಾಲತಾಣವೊಂದರಲ್ಲಿ ಏನೋ ಎಡವಟ್ಟಾಗಿದೆ ಎಂದು ಮೊದಲು ತಿಳಿಸಿದವರು ಅದರ ಓದುಗರೊಬ್ಬರು. ಮೊಬೈಲಿನಲ್ಲಿ ಗೂಗಲ್‌ನಿಂದ ಹುಡುಕಿ ಬಂದರೆ ಪುಟದ ಬದಲು ಯಾವುದೋ ಬಹುಮಾನದ ಜಾಹೀರಾತು ತೆರೆದುಕೊಳ್ಳುತ್ತಿತ್ತು. ನಾನು ಕಂಪ್ಯೂಟರಿನಲ್ಲಿ ವಿಳಾಸ ಬರೆದು ತೆರೆದರೆ ಎಲ್ಲವೂ ಸರಿಯಾಗಿತ್ತು. ಅವರ ಫೋನಿನದೇ ದೋಷವಿರಬೇಕೆಂದು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನಗಳ ಬಗ್ಗೆ ಈಗಲೂ ಬೇಸರವಿದೆ. ತಾಣ ನಡೆಸುವವರ ಕಣ್ಣಿಗೆ ಬೀಳದಂತೆ, ಹುಡುಕಿಕೊಂಡು ಬಂದವರನ್ನಷ್ಟೇ ದಾರಿ ತಪ್ಪಿಸುವುದು ಇಂಥ ದಾಳಿಕೋರರ ಹಳೆಯ ವರಸೆ.

ಕಡತಗಳನ್ನು ಜಾಲಾಡಿದಾಗ, ಚಿತ್ರಗಳಷ್ಟೇ ಇರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಒಂದು ಪಿಎಚ್‌ಪಿ ಕಡತ, ಅಂದರೆ ಸರ್ವರಿನಲ್ಲಿ ಚಾಲನೆಯಾಗುವ ಪ್ರೋಗ್ರಾಂ, ಸಿಕ್ಕಿತು. ಒಳಗೆ ಒಂದೇ ಸಾಲು: ಮೊದಲಿಗೆ ‘ಇವಾಲ್’, ‘ಬೇಸ್64 ಡಿಕೋಡ್’, ಆಮೇಲೆ ಅರ್ಥವಾಗದ ಅಕ್ಷರಗಳ ಉದ್ದನೆಯ ಸರ. ಮರೆಮಾಚಿದ ಆದೇಶವನ್ನು ಬಿಡಿಸಿ ಓಡಿಸುವ ಸಾಲು ಅದು. ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ. ಮೂರನೆಯ ದಿನ ಅದೇ ಕಡತ ಬೇರೆ ಹೆಸರಿನಲ್ಲಿ ಬಂದು ಕುಳಿತಿತ್ತು.

ಆಗಲೇ ಮಾಡಬೇಕಾದ ಕೆಲಸ ಮಾಡಿದೆ. ಹೊಸ ಕಡತ ಹುಟ್ಟಿದ ಹೊತ್ತನ್ನು ಬರೆದಿಟ್ಟುಕೊಂಡು ಸರ್ವರಿಗೆ ಬಂದ ಕೋರಿಕೆಗಳ ದಾಖಲೆಯಾದ ಲಾಗ್ ತೆರೆದೆ. ಬೆಳಗಿನ ಜಾವ 2.41ಕ್ಕೆ ಒಂದು ‘ಪೋಸ್ಟ್’ (ಮಾಹಿತಿ ಕಳಿಸುವ) ಕೋರಿಕೆ, ಸರ್ವರಿನ ಉತ್ತರ 200, ಅಂದರೆ ‘ಆಯಿತು’. ಕೋರಿಕೆ ಹೋಗಿದ್ದು ನಾನು ಒಂದು ವರ್ಷದ ಹಿಂದೆಯೇ ನಿಷ್ಕ್ರಿಯಗೊಳಿಸಿದ್ದ ಪ್ಲಗಿನ್ನಿನ, ಅಂದರೆ ತಾಣಕ್ಕೆ ಹೆಚ್ಚುವರಿ ಸೌಲಭ್ಯ ಕೊಡುವ ತಂತ್ರಾಂಶದ, ಕಡತಕ್ಕೆ.

‘ಡಿಆಕ್ಟಿವೇಟ್’ ಒತ್ತಿದರೆ ವರ್ಡ್‌ಪ್ರೆಸ್ ಆ ಪ್ಲಗಿನ್ನನ್ನು ಬಳಸುವುದಿಲ್ಲ, ಅಷ್ಟೇ. ಕಡತಗಳು ಇದ್ದಲ್ಲೇ ಇರುತ್ತವೆ. ಅವುಗಳ ವಿಳಾಸ ಬಲ್ಲವರು ನೇರವಾಗಿ ಕರೆದರೆ ಸರ್ವರ್ ಓಗೊಡುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಯಲಾದ ಫೈಲ್ ಮ್ಯಾನೇಜರ್ ಪ್ಲಗಿನ್ನಿನ ದೋಷ ಇದೇ ಜಾತಿಯದು. ಅದು ಎಲ್‌ಫೈಂಡರ್ ಎಂಬ ಬೇರೆಯವರ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಸಂಗ್ರಹವನ್ನು) ಒಳಗಿಟ್ಟುಕೊಂಡಿತ್ತು. ಆ ಲೈಬ್ರರಿಯ ಮಾದರಿ ಕಡತವೊಂದು ನೇರವಾಗಿ ಚಾಲನೆಯಾಗುವ ಹೆಸರಿನಲ್ಲಿ ಉಳಿದುಬಿಟ್ಟಿದ್ದರಿಂದ, ಲಾಗಿನ್ ಆಗದೆಯೇ ಯಾರು ಬೇಕಾದರೂ ಕಡತ ಏರಿಸಬಹುದಿತ್ತು. ಆಗ ಆ ಪ್ಲಗಿನ್ 7 ಲಕ್ಷದಷ್ಟು ತಾಣಗಳಲ್ಲಿತ್ತು. 2011ರ ಟಿಮ್‌ಥಂಬ್ ಪ್ರಕರಣ ನನಗೆ ಇನ್ನೂ ಹೆಚ್ಚು ಕಳವಳದ್ದಾಗಿ ಕಾಣುತ್ತದೆ. ದಾಳಿಗೆ ದಾರಿಯಾದ, ಚಿತ್ರದ ಅಳತೆ ಬದಲಿಸುವ ಆ ಪುಟ್ಟ ಸ್ಕ್ರಿಪ್ಟ್ ತಾಣಕ್ಕೆ ರೂಪ ಕೊಡುವ ಎಷ್ಟೋ ಥೀಮ್‌ಗಳ ಹೊಟ್ಟೆಯೊಳಗೇ ಸೇರಿತ್ತು. ಹೆಸರೇ ಕೇಳಿರದ ವಸ್ತುವಿಗೆ ತೇಪೆ ಹಾಕಬೇಕೆಂದು ಯಾರಿಗೆ ಹೊಳೆಯಬೇಕು?

ಶುಚಿ ಮಾಡಲು ಒಂದು ಇಡೀ ದಿನ ಹಿಡಿಯಿತು. ಹಳೆಯ ಬ್ಯಾಕಪ್ ಮರಳಿಸಿದ್ದರೆ ಅದರ ಜೊತೆಗೇ ಆ ರಂಧ್ರವೂ ಮರಳುತ್ತಿತ್ತು. ಹಾಗಾಗಿ ವರ್ಡ್‌ಪ್ರೆಸ್ಸನ್ನೂ ಪ್ಲಗಿನ್‌ಗಳನ್ನೂ ಮೂಲದಿಂದ ಹೊಸದಾಗಿ ತಂದು ಹಾಕಿದೆ. ಡಬ್ಲ್ಯೂಪಿ-ಸಿಎಲ್‌ಐ ಎಂಬ ಸಾಧನ ಬಳಸಿ ಪ್ರತಿ ಕಡತದ ಚೆಕ್‌ಸಮ್ (ಕಡತದ ಬೆರಳಚ್ಚಿನಂಥ ಗುರುತು) ಮೂಲದೊಂದಿಗೆ ತಾಳೆ ನೋಡಿದೆ. ಹಣ ಕೊಟ್ಟು ಹೊರಗಿನಿಂದ ತಂದ ಪ್ಲಗಿನ್‌ಗಳಿಗೆ ಈ ಸೌಲಭ್ಯವಿಲ್ಲದ ಕಾರಣ ಅವನ್ನು ಮೂಲ ಜಿಪ್ ಕಡತದೊಂದಿಗೆ ಕೈಯಾರೆ ಹೋಲಿಸಬೇಕಾಯಿತು. ಬಳಕೆದಾರರ ಪಟ್ಟಿಯಲ್ಲಿ ನಾನು ಸೃಷ್ಟಿಸದ ನಿರ್ವಾಹಕ ಖಾತೆಯೊಂದಿತ್ತು, ತೆಗೆದೆ. ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದೆ. ಕಾನ್ಫಿಗ್ ಕಡತದ ರಹಸ್ಯ ಕೀಲಿಗಳನ್ನು ಬದಲಿಸಿದೆ. ಇಲ್ಲದಿದ್ದರೆ ಕದ್ದ ಕುಕಿ (ಬ್ರೌಸರಿನಲ್ಲಿ ಉಳಿಯುವ ಲಾಗಿನ್ ಗುರುತು) ಹಿಡಿದವನು ಒಳಗೇ ಉಳಿಯುತ್ತಾನೆ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಚಾಲನೆಯಾಗದಂತೆ ಸರ್ವರಿನಲ್ಲೇ ತಡೆದೆ.

ಕೊನೆಗೆ 27 ಪ್ಲಗಿನ್‌ಗಳಲ್ಲಿ 16ನ್ನು ಬೇರುಸಹಿತ ಅಳಿಸಿದೆ. ಉಳಿದವುಗಳ ಒಡೆತನ ಬದಲಾಗಿದೆಯೇ ಎಂಬುದನ್ನೂ ಈಗ ಗಮನಿಸುತ್ತೇನೆ. 2017ರಲ್ಲಿ ಡಿಸ್ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಕೈಬದಲಾದ ಮೇಲೆ ಹಿಂಬಾಗಿಲು ಬಂದದ್ದು ಅಧಿಕೃತ ಅಪ್‌ಡೇಟ್‌ನ ಮೂಲಕವೇ.

ಲಾಗ್ ಓದುವುದು ಈಗ ದಿನದ ಮೊದಲ ಕೆಲಸ. ಆ ಹಳೆಯ ಪ್ಲಗಿನ್ನಿನ ವಿಳಾಸಕ್ಕೆ ಕೋರಿಕೆಗಳು ಈಗಲೂ ಬರುತ್ತಲೇ ಇವೆ. ನಿನ್ನೆ ರಾತ್ರಿ ಹನ್ನೊಂದು ಬಂದಿದ್ದವು. ಎಲ್ಲದಕ್ಕೂ ಉತ್ತರ 404: ಅಂಥ ಕಡತವಿಲ್ಲ.