ಫ್ರೆಂಚಿನ 'ಆ' ಮತ್ತು 'ದ' ನನಗೆ ಒಲಿದ ಬಗೆ

ಫ್ರೆಂಚ್ ಭಾಷೆಯ ಡೆಲ್ಫ್ ಪರೀಕ್ಷೆಯನ್ನು ಬಿ2 ಮಟ್ಟದಲ್ಲಿ ಮೊದಲ ಸಲ ಬರೆದಾಗ 100ಕ್ಕೆ 46 ಬಂತು. ಪಾಸಾಗಲು 50 ಬೇಕು. ಬರವಣಿಗೆಯಲ್ಲಿ 25ಕ್ಕೆ ಒಂಬತ್ತೋ ಹತ್ತೋ. ಶುಲ್ಕ, ಕೋಚಿಂಗ್, ಪುಸ್ತಕ ಎಲ್ಲ ಸೇರಿ ಹತ್ತಿರ ಹತ್ತಿರ 30 ಸಾವಿರ ನೀರುಪಾಲು. ಅಭ್ಯಾಸದ ಪ್ರಬಂಧಗಳನ್ನು ತಿರುವಿ ಹಾಕಿದರೆ ಕೆಂಪು ಗೆರೆಗಳೆಲ್ಲ ಒಂದೇ ಕಡೆ, ಕ್ರಿಯಾಪದ ಆದಮೇಲೆ ಬರುವ ಪುಟ್ಟ ಪದಗಳಲ್ಲಿ (ಇಂಗ್ಲಿಷಿನ ಟು, ಆಫ್, ಫಾರ್ ಇದ್ದ ಹಾಗೆ): 'ಆ' ಬರಬೇಕಾದಲ್ಲಿ 'ದ', ಏನೂ ಬರಬಾರದ ಕಡೆ 'ಪುರ್'.

ಯಾವ ಕ್ರಿಯಾಪದಕ್ಕೆ ಯಾವ ಪದ ಎಂಬ ಪಟ್ಟಿ ಬಾಯಿಪಾಠ ಮಾಡದೆ ಗತಿಯಿಲ್ಲ ಎಂದರು ಜೊತೆಯವರು. ಮೂರು ತಿಂಗಳು ಮಾಡಿದೆ. ಪಟ್ಟಿ ಒಪ್ಪಿಸುವುದು ಬಂತು, ಮಾತಾಡುವಾಗ ಕೈಕೊಟ್ಟಿತು.

ಆಮೇಲೆ ನಮ್ಮ ವಿಭಕ್ತಿ ಹಿಡಿದೆ. 'ಆ' ಅಂದರೆ 'ಗೆ'. ಅಮ್ಮನಿಗೆ ಫೋನ್ ಮಾಡು, 'ಟೆಲಿಫೋನೆ ಆ', ಸರಿಹೋಯಿತು. 'ತು ಮ ಮಾಂಕ್' (ನನಗೆ ನೀನಿಲ್ಲದ ಕೊರತೆ) ಇಂಗ್ಲಿಷಿನಿಂದ ಬಂದವರಿಗೆ ತಲೆಕೆಳಗು, ನಮಗೆ ಅಲ್ಲಿನ 'ಮ' ಸಲೀಸಾಗಿ 'ನನಗೆ'. ಆದರೆ ನಾಯಿಗೆ ಹೆದರಿದರೆ 'ದ', ಬಸ್ಸಿಗೆ ಕಾದರೆ ಬರೀ 'ಅತಾಂದ್ರ್'. ಅಲ್ಲಿಗೆ ವಿಭಕ್ತಿಯೂ ಮುಗಿಯಿತು.

ಕೊನೆಗೆ ಕೈ ಹಿಡಿದದ್ದು 'ಇ' ಮತ್ತು 'ಆಂ' ಎಂಬ ಸರ್ವನಾಮಗಳು: 'ಆ' ಸೇರಿದ ಮಾತಿನ ಬದಲು 'ಇ', 'ದ' ಸೇರಿದ್ದರ ಬದಲು 'ಆಂ'. 'ಆ', 'ದ'ಗಳನ್ನು ಕ್ರಿಯಾಪದ ಆದಮೇಲೆ ಗೊಣಗಿ ದಾಟಿಸಿಬಿಡಬಹುದು. ಸರ್ವನಾಮ ಹಾಗಲ್ಲ, ಕ್ರಿಯಾಪದಕ್ಕೂ ಮೊದಲೇ ಬಾಯಿಂದ ಹೊರಡಬೇಕು. ಚೆಸ್ ಆಡ್ತೀಯಾ? 'ಝಿ ಝು' (ಆಟಕ್ಕೆ 'ಆ', ಹಾಗಾಗಿ 'ಇ'). ವೀಣೆ ನುಡಿಸ್ತೀಯಾ? 'ಝಾಂ ಝು' (ವಾದ್ಯಕ್ಕೆ 'ದ', ಹಾಗಾಗಿ 'ಆಂ'). ಇಂಥ ಹತ್ತು ಪ್ರಶ್ನೆ ದಿನಾ ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ, ಮಧ್ಯೆ ಮೂರು ಸೆಕೆಂಡ್ ಬಿಟ್ಟು, ಮೆಟ್ರೋದಲ್ಲಿ ತುಟಿ ಅಲ್ಲಾಡಿಸುತ್ತ ಉತ್ತರಿಸಿದೆ. ನಾಲ್ಕು ತಿಂಗಳಲ್ಲಿ ಸುಮಾರು 120 ಕ್ರಿಯಾಪದ. ಇದು ಮಕ್ಕಳಾಟ ಎಂದಿದ್ದ ಮೇಷ್ಟ್ರೊಬ್ಬರು ಈಗ ಅವೇ ರೆಕಾರ್ಡಿಂಗ್ ಕೇಳಿ ಪಡೆದಿದ್ದಾರೆ. ಪ್ರಶ್ನೆಗಳನ್ನು ಯಾವ ಸಾಲಿನಲ್ಲಿ ಜೋಡಿಸಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ನಾಲ್ಕೈದು ಜನಕ್ಕೆ ಗಂಟೆಗೆ 500ರಂತೆ ಪಾಠ ಹೇಳುತ್ತಿದ್ದೇನೆ.

ಮನುಷ್ಯರ ಮಾತು ಬಂದಾಗ ಹುಷಾರು: ಅಕ್ಕನನ್ನು ನೆನೆದರೆ 'ಇ' ಅಲ್ಲ, 'ಆ ಎಲ್' ('ಎಲ್' ಅಂದರೆ ಅವಳು).

ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಬಂದಾಗಲೂ ಈ ಉಪಾಯ ಪೂರ್ತಿ ನಡೆಯದು. ಅದಕ್ಕೆ ಒಲೆಯ ಮುಂದೆ ನಿಂತೆ. ರಾಗಿಮುದ್ದೆ ತಿರುವುತ್ತ ಜೋರಾಗಿ: ತಿರುವಲು ಶುರುಮಾಡಿದೆ, 'ಕಮಾನ್ಸೆ ಆ', ಗಂಟು ಒಡೆಯಲು ನೋಡಿದೆ, 'ಎಸ್ಸೆಯೆ ದ', ಉರಿ ಸಣ್ಣ ಮಾಡಲು ಮರೆತೆ, 'ಉಬ್ಲಿಯೆ ದ', ಉಂಡೆ ಕಟ್ಟಿದೆ, 'ರೆಯುಸಿರ್ ಆ'. ಎರಡು ಮುದ್ದೆ ತಳ ಹತ್ತಿತು, ನಾಲ್ಕು ಕ್ರಿಯಾಪದ ಗಟ್ಟಿಯಾಯಿತು. ಹಪ್ಪಳ ಕರಿಯುತ್ತ ಮಾಡಿದಾಗ ಸಮಯ ಸಾಲಲಿಲ್ಲ.

ಎರಡನೇ ಸಲ 71, ಬರವಣಿಗೆಯಲ್ಲಿ 19. 'ದೆಸಿದೆ ದ' (ನಿರ್ಧರಿಸು), 'ಸ ದೆಸಿದೆ ಆ' (ಕೊನೆಗೂ ಮನಸ್ಸು ಮಾಡು) ಜೋಡಿ ಇನ್ನೂ ಕಾಡುತ್ತಿದೆ; ಅದಕ್ಕೆ ಬೇರೆ ರೆಕಾರ್ಡಿಂಗ್ ಮಾಡುತ್ತಿದ್ದೇನೆ.