ವೆಬ್‌ಸೈಟ್‌ಗೆ ಬಿಲ್ಡರ್ ಸಾಕಾ, ಕೋಡ್ ಬೇಕಾ?

ಮೊದಲು ಒಂದು ಹಾಳೆ ತಗೊಂಡು, ಸೈಟಿಗೆ ಬಂದವರು ಅಲ್ಲಿ ಏನು ಮಾಡಬೇಕು ಅಂತ ಬರೆಯಿರಿ. ಓದುವುದು, ಫೋಟೊ ನೋಡುವುದು, ಫಾರ್ಮ್ ತುಂಬುವುದು ಇಷ್ಟೇ ಇದ್ದರೆ ಬಿಲ್ಡರ್ (ಕೋಡ್ ಬರೆಯದೆ ಸೈಟ್ ಕಟ್ಟುವ ಆನ್‌ಲೈನ್ ಸಾಧನ) ಧಾರಾಳವಾಗಿ ಸಾಕು. ಸುಮ್ನೆ ಕೋಡ್ ಬರೆಸಲು ಹೋಗಬೇಡಿ. ಸರ್ವರ್, ಸೆಕ್ಯುರಿಟಿ ಅಪ್‌ಡೇಟ್ ಎಲ್ಲ ಸಾಮಾನ್ಯವಾಗಿ ಬಿಲ್ಡರ್ ಕಂಪನಿಯವರೇ ನೋಡಿಕೊಳ್ಳುತ್ತಾರೆ.

ಲಾಗಿನ್ ಆದ ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ತೋರಿಸಬೇಕು, ನಿಮ್ಮದೇ ವಿಚಿತ್ರ ನಿಯಮಗಳಿವೆ ಅಂದರೆ ಕೋಡೇ ಸರಿ.

ನಾನು ಎಲ್ಲಕ್ಕಿಂತ ಜಾಸ್ತಿ ನೋಡುವುದು ಹೊರಬರುವ ದಾರಿ. ಒಮ್ಮೆ ಒಂದು ಬಿಲ್ಡರ್‌ನಲ್ಲಿ 40 ಪುಟ ಕಟ್ಟಿದ್ದೆ. ಬೇರೆ ಕಡೆ ಹೋಗಬೇಕಾದಾಗ ನೋಡಿದರೆ ಕಟ್ಟಿದ್ದನ್ನು ಹೊರತೆಗೆಯುವ ಎಕ್ಸ್‌ಪೋರ್ಟ್ ಬಟನ್ನೇ ಇಲ್ಲ! ಎರಡು ರಾತ್ರಿ ಕೂತು ಒಂದೊಂದೇ ಪ್ಯಾರಾ ಕಾಪಿ ಮಾಡಿದೆ. ಫೋಟೊಗಳನ್ನೂ ಒಂದೊಂದಾಗಿ ಇಳಿಸಿಕೊಂಡೆ. ಈಗ ಟ್ರಯಲ್‌ನಲ್ಲೇ ಎರಡು ಪುಟ ಮಾಡಿ, ಹೊರತೆಗೆಯಲು ಆಗುತ್ತದಾ ಅಂತ ಪರೀಕ್ಷಿಸುತ್ತೇನೆ. ವರ್ಡ್‌ಪ್ರೆಸ್ ನಿಮ್ಮ ಬರಹಗಳನ್ನು ಎಕ್ಸ್‌ಎಂಎಲ್ ಫೈಲ್ ಆಗಿ ಕೊಡುತ್ತದೆ. ವೆಬ್‌ಫ್ಲೋ ಅನ್ನೋ ಬಿಲ್ಡರ್‌ನಲ್ಲಿ ದುಡ್ಡು ಕೊಡುವ ಕೆಲವು ಪ್ಲಾನ್‌ಗಳಿದ್ದರೆ ಪುಟದ ಕೋಡನ್ನು (ಎಚ್‌ಟಿಎಂಎಲ್, ಸಿಎಸ್‌ಎಸ್) ಇಳಿಸಿಕೊಳ್ಳಬಹುದು.

ಯಾವುದನ್ನೇ ಆರಿಸಿದರೂ ಡೊಮೇನ್ (ಸೈಟಿನ ವಿಳಾಸ) ನಿಮ್ಮ ಹೆಸರಲ್ಲೇ ಇರಲಿ. ಕೋಡ್ ಬರೆಸಿದರೆ ಗಿಟ್ ರೆಪೊ (ಕೋಡ್ ಇಟ್ಟಿರುವ ಜಾಗ) ಕೂಡ ನಿಮ್ಮ ಖಾತೆಯಲ್ಲೇ ಇರಬೇಕು. ಬರೆದವರು ನಾಳೆ ಸಿಗದೇ ಹೋದರೂ ಇನ್ನೊಬ್ಬರು ಅಲ್ಲಿಂದ ಮುಂದುವರಿಸಬಹುದು, ಅಲ್ವಾ?