ಅಂಕ ಇಲ್ಲದ ಪ್ರಶ್ನೆಯೇ ಜಾಸ್ತಿ ಹೇಳುತ್ತದೆ: ನನ್ನ ಅನುಭವ

ಮೂತ್ರ ಸೋರುವ ತೊಂದರೆಯನ್ನು ಅಂಕದಲ್ಲಿ ಅಳೆಯಲು ಓಪಿಡಿಯಲ್ಲಿ ಹೆಂಗಸರಿಗೆ ಪ್ರಶ್ನೆಗಳ ಫಾರ್ಮ್ ಕೊಡಲು ಶುರುಮಾಡಿದಾಗ, "ಹೆಂಗಸರು ಇದನ್ನೆಲ್ಲ ತುಂಬಲ್ಲ, ಸುಮ್ನೆ ಟೈಮ್ ವೇಸ್ಟ್" ಎಂದು ಜೊತೆಯ ಡಾಕ್ಟರುಗಳು ಹೇಳುತ್ತಲೇ ಇದ್ದರು. ಈಗ ಅವರ ಓಪಿಡಿಯಲ್ಲೂ ಇದೇ ಫಾರ್ಮ್ ನಡೆಯುತ್ತಿದೆ.

ನಮ್ಮಲ್ಲಿ ಮೊದಲು ಇದ್ದದ್ದು ಐಪಿಎಸ್ಎಸ್ ಎಂಬ ಪ್ರಶ್ನಾವಳಿ. ಗಂಡಸರ ಪ್ರಾಸ್ಟೇಟ್‌ಗೆ ಎಂದೇ ಮಾಡಿದ್ದು. ಏಳು ಪ್ರಶ್ನೆ, 35 ಅಂಕ. ಮೂತ್ರ ಸೋರುತ್ತದಾ ಎಂದು ಕೇಳುವ ಒಂದು ಸಾಲೂ ಅದರಲ್ಲಿಲ್ಲ. ಕೆಮ್ಮಿದರೆ ಬಟ್ಟೆ ಒದ್ದೆಯಾಗುವವರಿಗೂ ಮೂರೋ ನಾಲ್ಕೋ ಅಂಕ ಬರುತ್ತಿತ್ತು. ಆಮೇಲೆ ಮೂತ್ರದ ತೊಂದರೆ ಬದುಕನ್ನು ಹೇಗೆ ಕಾಡುತ್ತದೆ ಎಂದು ಕೇಳುವ, 21 ಪ್ರಶ್ನೆಗಳ ಕಿಂಗ್ಸ್ ಹೆಲ್ತ್ ಪ್ರಶ್ನಾವಳಿ ತಂದೆವು. ಸಂಶೋಧನೆಗೆ ಒಳ್ಳೆಯದೇ. ಆದರೆ ಓಪಿಡಿ ಗದ್ದಲದಲ್ಲಿ ಹತ್ತಿರ ಹತ್ತಿರ ಅರ್ಧ ಹಾಳೆಗಳು ಪೂರ್ತಿಯಾಗದೆ ವಾಪಸ್ ಬಂದವು. ದಾಂಪತ್ಯದ ಪ್ರಶ್ನೆ ಬಂದ ಕಡೆ ಪೆನ್ನು ನಿಲ್ಲುತ್ತಿತ್ತು. ನಡುವೆ ಆಡಳಿತದವರು ಹಟ ಹಿಡಿದು ಟ್ಯಾಬ್ಲೆಟ್, ಸಾಫ್ಟ್‌ವೇರ್ ಕೊಂಡರು. ವರ್ಷದ ಪ್ರಿಂಟಿಂಗ್ ಖರ್ಚಿನ ಹತ್ತುಪಟ್ಟಾದರೂ ಹೋಯಿತು. ವಯಸ್ಸಾದವರು ಅದನ್ನು ಮುಟ್ಟಲೇ ಇಲ್ಲ.

ಕೊನೆಗೆ ಕೈ ಹಿಡಿದದ್ದು ಐಸಿಐಕ್ಯೂ ಶಾರ್ಟ್ ಫಾರ್ಮ್, ಮೂತ್ರ ಸೋರುವುದರ ಬಗ್ಗೆಯೇ ಕೇಳುವ ಚಿಕ್ಕ ಪ್ರಶ್ನಾವಳಿ, ಒಂದೇ ಹಾಳೆ. ಎಷ್ಟು ಸಲ, ಎಷ್ಟು ಪ್ರಮಾಣ, ಬದುಕಿಗೆ ಎಷ್ಟು ತೊಂದರೆ: ಒಟ್ಟು 21 ಅಂಕ, ಅಂಕ ಏರಿದಷ್ಟೂ ತೊಂದರೆ ಜಾಸ್ತಿ. ಯಾವಾಗ ಸೋರುತ್ತದೆ ಎಂಬ ಕೊನೆಯ ಪ್ರಶ್ನೆಗೆ ಅಂಕವೇ ಇಲ್ಲ. ನಾನು ಮೊದಲು ಓದುವುದೇ ಅದನ್ನು. ಕೆಮ್ಮಿಗೂ ಟಿಕ್, ಟಾಯ್ಲೆಟ್ ತಲುಪುವ ಮುಂಚೆಯೂ ಟಿಕ್ ಇದ್ದರೆ, ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗ ಸೋರುವುದು, ತಡೆಯಲಾಗದ ಅವಸರಕ್ಕೆ ಸೋರುವುದು ಎರಡೂ ಬೆರೆತಿದೆ ಎಂದು ಅಲ್ಲೇ ಸುಳಿವು ಸಿಗುತ್ತದೆ. 14 ಎಂಬ ಅಂಕ ಒಂದೇ ಅದನ್ನು ಹೇಳುವುದಿಲ್ಲ, ಅಲ್ವಾ?

ಹಾಳೆಗಿಂತ ಜಾಗ ಮುಖ್ಯ. ನನ್ನ ಹತ್ತಿರ ಬರುವ ಮುಂಚೆ, ಪರದೆಯ ಹಿಂದೆ, ಒಬ್ಬರೇ ಕೂತು ತುಂಬಬೇಕು. ಓದಲು ಬಾರದವರಿಗೆ ನರ್ಸ್ ಓದಿ ಹೇಳುತ್ತಾರೆ, ಜೊತೆಗೆ ಬಂದವರಲ್ಲ. ಹಾಳೆ ಕೊಡುವಾಗ ನರ್ಸ್ ಹೇಳುವ ಎರಡು ಮಾತುಗಳಿವೆ. ಅವು ಅವರೇ ಕಟ್ಟಿಕೊಂಡದ್ದು, ನಮ್ಮಲ್ಲೇ ಇರಲಿ. ಬೆನ್ನುನೋವು ಎಂದು ಬಂದು ಸೋರುವುದನ್ನು ಬಾಯಿಬಿಟ್ಟು ಹೇಳದವರು ಹಾಳೆಯಲ್ಲಿ ಹೇಳಿದ್ದಾರೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ.

ಒಂದಷ್ಟು ದಿನ ಕ್ವಿಡ್ (QUID) ಎಂಬ ಇನ್ನೊಂದು ಪ್ರಶ್ನಾವಳಿಯನ್ನೂ ಜೊತೆಗೆ ಕೊಟ್ಟು ನೋಡಿದೆ. ಆರು ಪ್ರಶ್ನೆ: ಮೂರು ಕೆಮ್ಮು, ಸೀನು, ಭಾರ ಎತ್ತುವುದರ ಬಗ್ಗೆ, ಮೂರು ಅವಸರದ ಬಗ್ಗೆ. ವಿಧ ಬೇರ್ಪಡಿಸಲು ಚೆನ್ನಾಗಿದೆ. ಗೊಂದಲವಿದ್ದಾಗ ಈಗಲೂ ತೆಗೆಯುತ್ತೇನೆ.

ಎಷ್ಟು ಕುಡಿದರು, ಎಷ್ಟು ಸಲ ಮೂತ್ರಕ್ಕೆ ಹೋದರು ಎಂದು ಬರೆದಿಡುವ ಮೂರು ದಿನದ ಮೂತ್ರದ ಡೈರಿ ಇಲ್ಲದೆ ನಾನು ಔಷಧಿ ಬರೆಯುವುದಿಲ್ಲ. ಅವಸರ ಎಂದು ಒದ್ದಾಡುತ್ತಿದ್ದ ಒಬ್ಬರು ದಿನಕ್ಕೆ ನಾಲ್ಕು ಲೀಟರ್ ಹತ್ತಿರ ಕುಡಿಯುತ್ತಿದ್ದರು. ಡೈರಿ ಇಲ್ಲದಿದ್ದರೆ ಮಾತ್ರೆ ಶುರುವಾಗುತ್ತಿತ್ತು. ಸೋಂಕಿನಲ್ಲೂ ಅಂಕ ಏರುವುದರಿಂದ ಮೂತ್ರ ಪರೀಕ್ಷೆ ಮೊದಲೇ ಆಗಿರಬೇಕು. ಪೆಲ್ವಿಕ್ ಫ್ಲೋರ್ ವ್ಯಾಯಾಮ (ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಲಪಡಿಸುವುದು) ಮೂರು ತಿಂಗಳು ಮಾಡಿಸಿ, ಹಳೆಯ ಹಾಳೆ ತೋರಿಸದೆ ಮತ್ತೆ ತುಂಬಿಸುತ್ತೇನೆ. ಒಂದು ಅಂಕ ಇಳಿದರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಯೂರೋಡೈನಮಿಕ್ಸ್‌ಗೆ, ಅಂದರೆ ಮೂತ್ರಕೋಶದ ಒತ್ತಡ ಅಳೆಯುವ ಪರೀಕ್ಷೆಗೆ, ಕಳಿಸುವುದು ನನ್ನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿದಿದೆ. ರೋಗಿಗೆ ಉಳಿಯುವ ನಿಜವಾದ ದುಡ್ಡು ಅದೇ. ಆಪರೇಷನ್ ಯೋಚನೆ ಇದ್ದು ಚಿತ್ರ ಸ್ಪಷ್ಟವಿಲ್ಲದಿದ್ದರೆ ಈಗಲೂ ಕಳಿಸುತ್ತೇನೆ. ಮೂತ್ರದಲ್ಲಿ ರಕ್ತ ಕಂಡವರನ್ನು ಮಾತ್ರ ಅಂಕ ಎಷ್ಟೇ ಇರಲಿ, ಸೊನ್ನೆಯೇ ಇರಲಿ, ಅವತ್ತೇ ಬೇರೆ ತಪಾಸಣೆಗೆ ಕಳಿಸುತ್ತೇನೆ.